ವರ್ಷ ಮುಗಿದ ಮೇಲೆ ಬರುವ ವಿದ್ಯಾರ್ಥಿವೇತನ ಯಾರಿಗೆ?

ಇವರಿಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಮಾನ್ಯ ಸಮಾಜ ಕಲ್ಯಾಣ ಸಚಿವರು ಹಾಗೂ
ಮಾನ್ಯ ಹಿಂದುಳಿದ ವರ್ಗಗಳ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ನರ್ಸಿಂಗ್ ಮತ್ತು ಅರೆವೈದ್ಯಕೀಯ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವನ್ನು ಸಕಾಲಕ್ಕೆ ಕೊಡುವ ಹಾಗೂ ಇಂಟರ್ನ್‌ಶಿಪ್ ಭತ್ಯೆ ಗೊತ್ತುಮಾಡುವ ಕುರಿತು.

ಮಾನ್ಯರೇ,

ರಾಯಚೂರು, ಕೊಪ್ಪಳ, ಯಾದಗಿರಿ ಸೀಮೆಯ ಮಕ್ಕಳಿಗೆ ನರ್ಸಿಂಗ್ ಪಾಠ ಹೇಳುವ ಉಪನ್ಯಾಸಕಿ ನಾನು. ನನ್ನ ವಿದ್ಯಾರ್ಥಿನಿಯರ ಪರವಾಗಿ, ಅವರ ಜೊತೆ ಅದೇ ಆಸ್ಪತ್ರೆಗಳಲ್ಲಿ ಕಲಿಯುವ ಲ್ಯಾಬ್, ಓಟಿ, ಎಕ್ಸ್‌ರೇ, ಡಯಾಲಿಸಿಸ್ ಟೆಕ್ನಿಷಿಯನ್ ಕೋರ್ಸುಗಳ ವಿದ್ಯಾರ್ಥಿಗಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಮೊದಲು ಕೇಳುವುದು ಒಂದು ಮಾತು. ಕೊಡುತ್ತೇವೆಂದು ಸರ್ಕಾರ ಒಪ್ಪಿಕೊಂಡಿರುವ ಹಣ ಈ ಮಕ್ಕಳು ಓದುತ್ತಿರುವಾಗಲೇ ಅವರ ಕೈ ಸೇರಬೇಕು. ಬಿತ್ತನೆಗೆ ಬಾರದ ಮಳೆ ರಾಶಿಯ ಹೊತ್ತಿಗೆ ಸುರಿದರೆ ರೈತನಿಗೆ ಏನು ಸಿಕ್ಕೀತೋ, ಪರೀಕ್ಷೆ ಮುಗಿದ ಮೇಲೆ ಖಾತೆಗೆ ಬೀಳುವ ವಿದ್ಯಾರ್ಥಿವೇತನದಿಂದ ಈ ಮಕ್ಕಳಿಗೂ ಅಷ್ಟೇ ಸಿಗುತ್ತದೆ.

ವಿದ್ಯಾರ್ಥಿವೇತನ ತಡವಾಗುವುದು ಎಲ್ಲ ಕೋರ್ಸಿನವರಿಗೂ ಇರುವ ಕಷ್ಟ, ನಿಮ್ಮವರಿಗೆ ಮಾತ್ರ ಏನು ವಿಶೇಷ ಎಂದು ತಾವು ಕೇಳಬಹುದು. ಬಿ.ಎ., ಬಿ.ಕಾಂ. ಓದುವ ಬಡ ಮನೆಯ ಹುಡುಗ ಹಣ ಬಾರದಿದ್ದರೆ ಬೆಳಿಗ್ಗೆ ಪೇಪರ್ ಹಾಕುತ್ತಾನೆ, ಸಂಜೆ ಅಂಗಡಿಯಲ್ಲಿ ನಿಲ್ಲುತ್ತಾನೆ, ಸುಗ್ಗಿಯಲ್ಲಿ ವಾರ ರಜೆ ಹಾಕಿ ಕೂಲಿಗೆ ಹೋಗುತ್ತಾನೆ. ನನ್ನ ವಿದ್ಯಾರ್ಥಿನಿಗೆ ಆ ದಾರಿಗಳೆಲ್ಲ ಮುಚ್ಚಿವೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಅವಳಿಗೆ ಕನಿಷ್ಠ ಶೇ. 80 ಹಾಜರಾತಿ ಬೇಕು. ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್ ಹಾಜರಾತಿ ಶೇ. 100 ಆಗಿರಲೇಬೇಕು. ವಾರ್ಡಿನಲ್ಲಿ ಒಂದು ದಿನ ತಪ್ಪಿದರೂ ಅದನ್ನು ಇನ್ನೊಂದು ದಿನ ತುಂಬಿಕೊಡಬೇಕು. ರೋಗಿಯ ಜೀವದ ಪ್ರಶ್ನೆ ಇರುವುದರಿಂದ ಈ ನಿಯಮ ಸರಿಯಾಗಿಯೇ ಇದೆ, ಅದನ್ನು ಸಡಿಲಿಸಿ ಎಂದು ಯಾವ ನರ್ಸಿಂಗ್ ಶಿಕ್ಷಕಿಯೂ ಕೇಳಳು. ಆದರೆ ದುಡಿಯಲು ಒಂದು ದಿನವನ್ನೂ ಬಿಡದ ವ್ಯವಸ್ಥೆ, ಅವಳ ಊಟಕ್ಕೆ, ಬಸ್ಸಿಗೆ, ಬಾಡಿಗೆಗೆ ಸಮಯಕ್ಕೆ ದಾರಿ ಮಾಡಿಕೊಡಲೇಬೇಕಲ್ಲವೇ?

ಅವಳ ಖರ್ಚು ಕಾಲೇಜಿನ ಶುಲ್ಕದಲ್ಲಿ ಮುಗಿಯುವುದಿಲ್ಲ. ಎರಡು ಜೊತೆ ಯೂನಿಫಾರ್ಮ್, ಕಪ್ಪು ಶೂ, ಏಪ್ರನ್, ಸೆಕೆಂಡ್ ಮುಳ್ಳಿರುವ ಕೈಗಡಿಯಾರ, ಸ್ಟೆಥಾಸ್ಕೋಪ್, ಕೇರ್ ಪ್ಲಾನ್ ಬರೆಯುವ ರೆಕಾರ್ಡ್ ಪುಸ್ತಕಗಳು, ಪ್ರತಿ ಸೆಮಿಸ್ಟರ್‌ಗೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಕಟ್ಟುವ ಪರೀಕ್ಷಾ ಶುಲ್ಕ. ಕಾಲೇಜು ಒಂದು ಕಡೆ, ಜಿಲ್ಲಾಸ್ಪತ್ರೆ ಇನ್ನೊಂದು ಕಡೆ. ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಎಷ್ಟೋ ಕಾಲೇಜಿನ ಮಕ್ಕಳು ಬೇರೆ ಜಿಲ್ಲೆಗೆ ಹೋಗಿ ವಾರಗಟ್ಟಲೆ ಉಳಿಯಬೇಕು. ಅಲ್ಲಿನ ಊಟ, ರೂಮು ಎಲ್ಲ ಅವರದೇ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಖರ್ಚು ಇಳಿದಿದೆ. ಅದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ರಾತ್ರಿ ಪಾಳಿಗೆ, ಬೆಳಗಿನ ಜಾವದ ಪಾಳಿಗೆ ಸರ್ಕಾರಿ ಬಸ್ಸು ಸಿಗದ ಊರುಗಳಲ್ಲಿ ಆಟೋಗೆ ದುಡ್ಡು ಕೊಡಲೇಬೇಕು.

ಹಣ ಎಲ್ಲಿ ನಿಲ್ಲುತ್ತದೆ ಎಂಬುದು ನನಗಿಂತ ತಮಗೆ ಚೆನ್ನಾಗಿ ಗೊತ್ತು. ಆದರೂ ನಮ್ಮ ಕಡೆಯಿಂದ ಅದು ಹೇಗೆ ಕಾಣುತ್ತದೆಂದು ಹೇಳಬೇಕು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ದಾಖಲೆಗಳ ಇ-ದೃಢೀಕರಣ, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಎಲ್ಲ ಕೂಡಿಬರಬೇಕು. ಬಿ.ಎಸ್ಸಿ. ನರ್ಸಿಂಗ್ ಸೀಟು ಹಂಚಿಕೆ ತಡವಾಗಿ ಮುಗಿದ ವರ್ಷ ನೋಂದಣಿ ಸಂಖ್ಯೆ ಬರುವುದೂ ತಡ, ಅದು ಬಾರದೆ ಅರ್ಜಿ ಮುಂದೆ ಹೋಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದಿದ್ದು ಆಧಾರ್‌ನಲ್ಲಿ ಹಿಂದಿದ್ದರೆ ಹೆಸರು ತಾಳೆಯಾಗುವುದಿಲ್ಲ. ಒಟಿಪಿ ಹೋಗುವುದು ಅಪ್ಪನ ಮೊಬೈಲಿಗೆ, ಅಪ್ಪ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಮೇಲೆ ನಿಂತಿರುತ್ತಾನೆ. ಇಷ್ಟೆಲ್ಲ ದಾಟಿ ಹಣ ಮಂಜೂರಾದರೆ, ಆಧಾರ್‌ಗೆ ಬ್ಯಾಂಕ್ ಖಾತೆ ಹೊಂದಿಸುವ ಎನ್‌ಪಿಸಿಐ ಜೋಡಣೆ ಎಂದೋ ತೆರೆದು ಮರೆತ ಇನ್ನೊಂದು ಬ್ಯಾಂಕಿನ ಖಾತೆಗೆ ಆಗಿರುತ್ತದೆ.

ಇವು ಬಿಡಿಬಿಡಿಯಾಗಿ ಸಣ್ಣ ತೊಡಕುಗಳು. ಒಬ್ಬ ತಿಳಿದವರು ಪಕ್ಕದಲ್ಲಿ ಕೂತು ನೋಡಿದರೆ ಅರ್ಧ ದಿನದಲ್ಲಿ ಬಗೆಹರಿಯುತ್ತವೆ. ಆದರೆ ಕಚೇರಿ ತೆರೆದಿರುವ ಹೊತ್ತಿನಲ್ಲಿ ಈ ಮಕ್ಕಳು ವಾರ್ಡಿನಲ್ಲಿರುತ್ತಾರೆ. ವಾರ್ಡು ಬಿಟ್ಟು ಬಂದರೆ ಹಾಜರಾತಿ ಹೋಗುತ್ತದೆ, ಬರದಿದ್ದರೆ ಅರ್ಜಿ ಹೋಗುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳ ಅರ್ಜಿ ಒಂದು ಕಚೇರಿಯಲ್ಲಿ ದೃಢೀಕರಣಕ್ಕೆ ಕಾಯುತ್ತ ಕೂತು, ಕೊನೆಗೆ ಅವಧಿ ಮೀರಿತೆಂದು ಆ ವರ್ಷದ ಹಣವೇ ಬರಲಿಲ್ಲ. ಕಾಲೇಜಿನವರು ಬಾಕಿ ಶುಲ್ಕಕ್ಕೆ ಮನೆಗೆ ಫೋನು ಮಾಡುತ್ತಾರೆಂದು ತಿಳಿದಾಗ ಅವಳು ನನ್ನ ಬಳಿ ಬಂದು ಹೇಳಿದ್ದು ಇಷ್ಟು: “ಮೇಡಂ, ಅಪ್ಪಗ ಫೋನ್ ಹಚ್ಚಬ್ಯಾಡ್ರಿ. ಹಚ್ಚಿದ್ರ ಸಾಲಿ ಬಿಡಿಸಿ ಮದುವಿ ಮಾಡ್ತಾರ.” ಆ ಮಾತಿನ ಹಿಂದೆ ಇರುವ ಭಯ ನಮ್ಮ ಭಾಗದ ಪ್ರತಿಯೊಂದು ನರ್ಸಿಂಗ್ ಕಾಲೇಜಿನ ಪ್ರತಿಯೊಂದು ತರಗತಿಯಲ್ಲೂ ಇದೆ. ನಮ್ಮಲ್ಲಿ ಓದು ನಿಂತ ಹುಡುಗಿ ಮನೆಯಲ್ಲಿ ಕೂರುವುದಿಲ್ಲ. ಅವಳ ಮದುವೆ ಆಗಿಬಿಡುತ್ತದೆ. ಮುಂದಿನ ವರ್ಷ ಹಣ ಬಂದರೂ ಓದಲು ಅವಳು ತರಗತಿಯಲ್ಲಿ ಇರುವುದಿಲ್ಲ.

ಹಣ ಬರುವ ತನಕ ಖರ್ಚು ತೂಗಿಸುವವರು ಯಾರು? ತಾಯಂದಿರು. ಕಿವಿಯ ಓಲೆ ಅಡವಿಡುತ್ತಾರೆ, ಸಂಘದ ಸಾಲ ಎತ್ತುತ್ತಾರೆ, ಅದೂ ಸಾಲದಿದ್ದರೆ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಕೈಗಡ ತರುತ್ತಾರೆ. ಮೈಕ್ರೋ ಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ಕೊಟ್ಟವರ ಕಿರುಕುಳವನ್ನು ತಡೆಯುವ ಸರ್ಕಾರ, ಆ ತಾಯಂದಿರು ಸಾಲದ ಬಾಗಿಲಿಗೆ ಹೋಗಲು ತನ್ನದೇ ವಿಳಂಬವೂ ಒಂದು ಕಾರಣವೆಂದು ಗಮನಿಸಬೇಕು. ವರ್ಷ ಮುಗಿದ ಮೇಲೆ ಬರುವ ವಿದ್ಯಾರ್ಥಿವೇತನದಲ್ಲಿ ಒಂದು ಪಾಲು ಓದಿಗೆ ಹೋಗುವ ಬದಲು ನೇರವಾಗಿ ಬಡ್ಡಿಗೆ ಹೋಗುತ್ತದೆ. ಸಾರ್ವಜನಿಕ ಹಣವೇ ಹೀಗೆ ಲೇವಾದೇವಿಗಾರರ ಪೆಟ್ಟಿಗೆ ಸೇರುತ್ತಿದೆ.

ಇಲ್ಲಿ ರಾಜ್ಯದ ಹೊಣೆ ಎಷ್ಟು ದೊಡ್ಡದು ಎಂಬುದನ್ನು ಹೇಳಲೇಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿತು. ಐದು ವರ್ಷಗಳಿಗೆ 59,048 ಕೋಟಿ ರೂಪಾಯಿಯ ಯೋಜನೆ ಅದು. ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ರಾಜ್ಯ ತನ್ನ ಪಾಲನ್ನು ವಿದ್ಯಾರ್ಥಿಯ ಖಾತೆಗೆ ಹಾಕಿದ ಮೇಲೆಯೇ ಕೇಂದ್ರದ ಪಾಲು ಬರುತ್ತದೆ. ಎಂದರೆ ರಾಜ್ಯ ಒಂದು ತಿಂಗಳು ತಡ ಮಾಡಿದರೆ ಆ ಹುಡುಗಿಗೆ ಪೂರ್ತಿ ಹಣವೇ ತಡವಾಗುತ್ತದೆ. ನಲವತ್ತು ರೂಪಾಯಿಯನ್ನು ಬೇಗ ಕೊಟ್ಟರೆ ಅರವತ್ತು ರೂಪಾಯಿ ಬೇಗ ಬರುತ್ತದೆ. ಇದಕ್ಕಿಂತ ಲಾಭದ ಖರ್ಚು ರಾಜ್ಯದ ಬೊಕ್ಕಸಕ್ಕೆ ಇನ್ನಾವುದಿದೆ?

ಎರಡನೆಯದು ಮೊತ್ತದ ಮಾತು. ಅದೇ ಯೋಜನೆಯಲ್ಲಿ ಕೋರ್ಸುಗಳನ್ನು ನಾಲ್ಕು ಗುಂಪು ಮಾಡಲಾಗಿದೆ. ವೈದ್ಯಕೀಯ, ಎಂಜಿನಿಯರಿಂಗ್ ಮೊದಲ ಗುಂಪಿನಲ್ಲಿವೆ. ಹಾಸ್ಟೆಲಿನಲ್ಲಿರುವವರಿಗೆ ವರ್ಷಕ್ಕೆ 13,500 ರೂಪಾಯಿ ಭತ್ಯೆ. ನರ್ಸಿಂಗ್, ಫಾರ್ಮಸಿ ಮತ್ತು ಅರೆವೈದ್ಯಕೀಯ ಕೋರ್ಸುಗಳು ಎರಡನೇ ಗುಂಪಿನಲ್ಲಿವೆ. ಅಲ್ಲಿ ಹಾಸ್ಟೆಲಿನವರಿಗೆ ವರ್ಷಕ್ಕೆ 9,500, ಮನೆಯಿಂದ ಬರುವವರಿಗೆ 6,500. ಹನ್ನೆರಡು ತಿಂಗಳಿಗೆ ಹಂಚಿದರೆ ಹಾಸ್ಟೆಲಿನ ಹುಡುಗಿಗೆ ತಿಂಗಳಿಗೆ 800 ರೂಪಾಯಿಯೂ ಆಗುವುದಿಲ್ಲ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ವಿದ್ಯಾಸಿರಿ ಯೋಜನೆ ಶುರುವಾದಾಗ ಊಟ, ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಗೊತ್ತುಮಾಡಿದ್ದರು. ಹತ್ತು ತಿಂಗಳು ಎಂಬ ಲೆಕ್ಕ ಬೇಸಿಗೆ ರಜೆ ಇರುವ ಕಾಲೇಜುಗಳಿಗೆ ಸರಿ. ಆಸ್ಪತ್ರೆಗೆ ರಜೆ ಇಲ್ಲ. ಉಳಿದ ಕಾಲೇಜುಗಳು ಬಾಗಿಲು ಹಾಕಿದ ತಿಂಗಳುಗಳಲ್ಲೂ ನಮ್ಮ ಮಕ್ಕಳು ಪೋಸ್ಟಿಂಗ್‌ನಲ್ಲಿರುತ್ತಾರೆ, ಆಗಲೂ ಅವರಿಗೆ ಹಸಿವಾಗುತ್ತದೆ.

ಅವರಲ್ಲಿ ಎಷ್ಟೋ ಜನರ ತಂದೆತಾಯಿ ಕಟ್ಟಡ ಕಾರ್ಮಿಕರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ಅವರಿಗೆ ಆಸರೆಯಾಗಿತ್ತು. 2021ರಲ್ಲಿ ಗೊತ್ತುಮಾಡಿದ್ದ ಮೊತ್ತವನ್ನು 2023ರಲ್ಲಿ ದೊಡ್ಡ ಪ್ರಮಾಣದಲ್ಲಿ ಇಳಿಸಲಾಯಿತು. ಹಳೆಯ ಮೊತ್ತವನ್ನು ನಂಬಿ ಕೋರ್ಸಿಗೆ ಸೇರಿದ ಮಕ್ಕಳು ಓದಿನ ನಡುವೆ ಸಿಕ್ಕಿಕೊಂಡರು. ಅದು ತಮ್ಮ ಇಲಾಖೆಗಳಿಗೆ ಸೇರಿದ ವಿಷಯವಲ್ಲದಿದ್ದರೂ ಹೇಳುತ್ತಿದ್ದೇನೆ. ನಾಲ್ಕು ವರ್ಷದ ಓದಿಗೆ ಕೊಡುವ ನೆರವನ್ನು ನಡುವೆ ಬದಲಿಸಬಾರದು, ಸೇರುವಾಗ ಹೇಳಿದ್ದು ಮುಗಿಯುವ ತನಕ ನಡೆಯಬೇಕು.

ಬ್ಯಾಂಕ್ ಸಾಲ ಇದೆಯಲ್ಲ ಎನ್ನುವವರಿದ್ದಾರೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಒಳ್ಳೆಯದೇ. 8 ಲಕ್ಷದವರೆಗೆ ವಾರ್ಷಿಕ ಆದಾಯವಿರುವ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3 ಬಡ್ಡಿ ರಿಯಾಯಿತಿ ಅದರಲ್ಲಿದೆ. ಆದರೆ ಆ ಯೋಜನೆ ರಾಷ್ಟ್ರಮಟ್ಟದ ಶ್ರೇಯಾಂಕದ ಆಧಾರದಲ್ಲಿ ಆರಿಸಿದ ಸಂಸ್ಥೆಗಳಿಗೆ ಮಾತ್ರ, ಶುರುವಿನಲ್ಲಿ ಅವು 860. ಅಂಥ ಸಂಸ್ಥೆಗಳನ್ನು ಸಿಂಧನೂರಿನಲ್ಲೋ ಕುಷ್ಟಗಿಯಲ್ಲೋ ಹುಡುಕಲಾದೀತೇ? ಬಡವರ ಮಕ್ಕಳು ಹೆಚ್ಚು ಓದುವುದು ಆ ಪಟ್ಟಿಯ ಹೊರಗಿನ ಕಾಲೇಜುಗಳಲ್ಲಿ.

ಮೂರನೆಯ ಮಾತು ಇಂಟರ್ನ್‌ಶಿಪ್‌ನದು. 2021ರ ಹೊಸ ಪಠ್ಯಕ್ರಮದಲ್ಲಿ ಬಿ.ಎಸ್ಸಿ. ನರ್ಸಿಂಗ್‌ನ ಕೊನೆಯ ಸೆಮಿಸ್ಟರ್ 22 ವಾರಗಳ ಇಂಟರ್ನ್‌ಶಿಪ್. ವಾರಕ್ಕೆ 48 ಗಂಟೆ, ಒಟ್ಟು 1,056 ಗಂಟೆ. ಇದು ಪೂರ್ಣಾವಧಿ ನೌಕರಳ ದುಡಿಮೆ. ಡ್ರಿಪ್ ಹಾಕುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಹೆರಿಗೆ ಕೋಣೆಯಲ್ಲಿ ರಾತ್ರಿಯಿಡೀ ನಿಲ್ಲುವುದು, ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದು, ಇವನ್ನೆಲ್ಲ ಅವರು ಮಾಡುತ್ತಾರೆ. ಸಿಬ್ಬಂದಿ ಕೊರತೆ ಇರುವ ಆಸ್ಪತ್ರೆಗಳಲ್ಲಿ ಪಾಳಿ ನಡೆಯುವುದೇ ಈ ಮಕ್ಕಳ ಕೈಯಿಂದ. ಅದೇ ಆಸ್ಪತ್ರೆಯಲ್ಲಿ ಎಂ.ಬಿ.ಬಿ.ಎಸ್. ಇಂಟರ್ನ್‌ಗಳಿಗೆ ಸರ್ಕಾರ ಶಿಷ್ಯವೇತನ ಕೊಡುತ್ತದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ ಅದನ್ನು ತಿಂಗಳಿಗೆ 20,000ದಿಂದ 30,000 ರೂಪಾಯಿಗೆ ಏರಿಸಿತು. ಅದು ನ್ಯಾಯವೇ ಆಗಿತ್ತು. ಅದೇ ನ್ಯಾಯ ಅದೇ ಹಾಸಿಗೆಯ ಇನ್ನೊಂದು ಪಕ್ಕದಲ್ಲಿ ನಿಂತಿರುವ ನರ್ಸಿಂಗ್ ಇಂಟರ್ನ್‌ವರೆಗೆ ಬರಬೇಕು ಎಂಬುದಷ್ಟೇ ನನ್ನ ವಾದ.

ಕಷ್ಟ ಬಂದಾಗ ಇವರು ವಿದ್ಯಾರ್ಥಿಗಳೆಂದು ಯಾರೂ ಹಿಂದೆ ಸರಿಸಿರಲಿಲ್ಲ. 2021ರ ಮೇ ತಿಂಗಳಲ್ಲಿ ಎರಡನೇ ಅಲೆ ಎದ್ದಾಗ, ಅಂತಿಮ ಪರೀಕ್ಷೆಗೆ ಕಾಯುತ್ತಿದ್ದ ಬಿ.ಎಸ್ಸಿ. ಮತ್ತು ಜಿಎನ್‌ಎಂ ಡಿಪ್ಲೊಮಾ ವಿದ್ಯಾರ್ಥಿಗಳನ್ನೂ ಕೋವಿಡ್ ಕರ್ತವ್ಯಕ್ಕೆ ಬಳಸಿಕೊಳ್ಳಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಪಿಪಿಇ ಕಿಟ್ ತೊಟ್ಟು, ಮೂತ್ರಕ್ಕೂ ಹೋಗದೆ ಗಂಟೆಗಟ್ಟಲೆ ನಿಂತ ಮಕ್ಕಳನ್ನು ನಾನು ಬಲ್ಲೆ. ಆಪತ್ತಿನಲ್ಲಿ ಆರೋಗ್ಯ ಕಾರ್ಯಕರ್ತರಾದವರು ಆಪತ್ತು ಕಳೆದ ಮೇಲೆ ಬರೀ ಅರ್ಜಿದಾರರಾಗಬಾರದು.

ನೆರವು ಹಿಂತೆಗೆದರೆ ಏನಾಗುತ್ತದೆಂದು ಬೇರೆ ದೇಶದವರು ಕಂಡಿದ್ದಾರೆ. ಇಂಗ್ಲೆಂಡಿನಲ್ಲಿ 2017ರ ಆಗಸ್ಟ್‌ನಿಂದ ಹೊಸದಾಗಿ ಸೇರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸರ್ಕಾರಿ ನೆರವನ್ನು ನಿಲ್ಲಿಸಿ ಸಾಲ ತೆಗೆದುಕೊಳ್ಳಿ ಎಂದರು. ಅರ್ಜಿ ಹಾಕುವವರ ಸಂಖ್ಯೆ ಕುಸಿಯಿತು. 2020ರಲ್ಲಿ ವರ್ಷಕ್ಕೆ ಕನಿಷ್ಠ 5,000 ಪೌಂಡ್‌ನ ಅನುದಾನವನ್ನು ಮತ್ತೆ ತರಬೇಕಾಯಿತು. ಸ್ಕಾಟ್ಲೆಂಡ್ ತನ್ನ ನೆರವನ್ನು ನಿಲ್ಲಿಸಲೇ ಇಲ್ಲ, ಬದಲಿಗೆ 10,000 ಪೌಂಡ್‌ಗೆ ಏರಿಸಿತು. ಅವರ ಆಸ್ಪತ್ರೆಗಳ ಖಾಲಿ ಹುದ್ದೆ ತುಂಬಲು ಇಂದು ಹೋಗುತ್ತಿರುವವರಲ್ಲಿ ಕರ್ನಾಟಕದಲ್ಲಿ ಕಲಿತ ನರ್ಸುಗಳೂ ಇದ್ದಾರೆ. ಹೋಗುವವರನ್ನು ನಾನು ದೂರುವುದಿಲ್ಲ. ಕಲಿಯುವಾಗ ಕೈಹಿಡಿಯದ ನಾಡು ಕಲಿತ ಮೇಲೆ ಇಲ್ಲೇ ಇರಿ ಎಂದು ಯಾವ ಬಾಯಿಂದ ಕೇಳೀತು?

ದೂರದ ಮಾತೇಕೆ, ನಮ್ಮದೇ ಸೇನೆಯನ್ನು ನೋಡಿ. ಸಶಸ್ತ್ರ ಪಡೆಗಳ ನರ್ಸಿಂಗ್ ಕಾಲೇಜುಗಳಿಗೆ ಆಯ್ಕೆಯಾದ ಹುಡುಗಿಯರಿಗೆ ಶಿಕ್ಷಣ, ವಸತಿ, ಊಟ, ಸಮವಸ್ತ್ರ ಭತ್ಯೆ, ತಿಂಗಳ ಶಿಷ್ಯವೇತನ ಎಲ್ಲವನ್ನೂ ಸರ್ಕಾರ ಕೊಟ್ಟು, ಮುಂದೆ ಸೇನೆಯಲ್ಲಿ ಸೇವೆ ಸಲ್ಲಿಸುವಂತೆ ಬಾಂಡ್ ಬರೆಸಿಕೊಳ್ಳುತ್ತದೆ. ಸೈನಿಕನ ಆರೈಕೆಗೆ ಬೇಕಾದ ದಾದಿಯನ್ನು ಹೀಗೆ ತಯಾರು ಮಾಡಬಹುದಾದರೆ ದೇವದುರ್ಗದ ತಾಲ್ಲೂಕು ಆಸ್ಪತ್ರೆಯ ಬಾಣಂತಿಗೆ ಬೇಕಾದ ದಾದಿಯನ್ನೂ ತಯಾರು ಮಾಡಬಹುದು. 2023ರಲ್ಲಿ ಕೇಂದ್ರ ಸಂಪುಟ 1,570 ಕೋಟಿ ರೂಪಾಯಿಯಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿದೆ. ಕಟ್ಟಡ ಏಳಲಿ, ಸಂತೋಷ. ಅದರೊಳಗೆ ಕೂರುವ ಹುಡುಗಿ ನಾಲ್ಕು ವರ್ಷ ಪೂರೈಸಿ ಹೊರಬರುವಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಮೊದಲ ವರ್ಷ ಅರ್ಹತೆ ಒಪ್ಪಿತವಾದರೆ ಕೋರ್ಸ್ ಮುಗಿಯುವ ತನಕ ಅದು ನಡೆಯಬೇಕು. ಪ್ರತಿ ವರ್ಷ ವಿದ್ಯಾರ್ಥಿ ಓದು ಮುಂದುವರಿಸಿದ್ದಾಳೆಂದು ಕಾಲೇಜು ದೃಢೀಕರಿಸಿದರೆ ಸಾಕು, ಹೊಸದಾಗಿ ದಾಖಲೆ ಕೇಳಬಾರದು.

2. ರಾಜ್ಯದ ಪಾಲು ತರಗತಿ ಶುರುವಾದ ಎರಡು ತಿಂಗಳೊಳಗೆ ಬಿಡುಗಡೆಯಾಗಬೇಕು. ಊಟ, ವಸತಿಯ ಭತ್ಯೆ ವರ್ಷಕ್ಕೊಮ್ಮೆ ಬರುವ ಬದಲು ಹನ್ನೆರಡು ತಿಂಗಳೂ ತಿಂಗಳಿಗೊಮ್ಮೆ ಬರಬೇಕು.

3. ಮುಂಗಡ ಶುಲ್ಕವಿಲ್ಲದೆ ಪ್ರವೇಶ ಕೊಡಿಸುವ ಫ್ರೀಶಿಪ್ ಕಾರ್ಡಿಗೆ ಕೇಂದ್ರದ ಮಾರ್ಗಸೂಚಿಯಲ್ಲೇ ಅವಕಾಶವಿದೆ. ಅದು ಎಲ್ಲ ಅರ್ಹ ಮಕ್ಕಳ ಕೈಗೆ ಸೀಟು ಹಂಚಿಕೆಯ ಹೊತ್ತಿಗೇ ಸಿಗಬೇಕು. ಸರ್ಕಾರದಿಂದ ಬರಬೇಕಾದ ಹಣಕ್ಕಾಗಿ ಯಾವ ಕಾಲೇಜೂ ಹಾಲ್ ಟಿಕೆಟ್ ಅಥವಾ ಮೂಲ ಅಂಕಪಟ್ಟಿ ತಡೆಹಿಡಿಯದಂತೆ ಸ್ಪಷ್ಟ ಆದೇಶ ಹೊರಡಬೇಕು.

4. ನರ್ಸಿಂಗ್ ಮತ್ತು ಅರೆವೈದ್ಯಕೀಯ ವಿದ್ಯಾರ್ಥಿಗಳ ಭತ್ಯೆಗೂ ಮೊದಲ ಗುಂಪಿನ ಭತ್ಯೆಗೂ ಇರುವ ಅಂತರವನ್ನು ರಾಜ್ಯವೇ ತುಂಬಿಕೊಡಬೇಕು.

5. ನರ್ಸಿಂಗ್ ಮತ್ತು ಅರೆವೈದ್ಯಕೀಯ ಇಂಟರ್ನ್‌ಗಳಿಗೆ, ಸರ್ಕಾರಿ ಹಾಗೂ ಖಾಸಗಿ ಎರಡೂ ಕಡೆ, ಕನಿಷ್ಠ ಶಿಷ್ಯವೇತನ ಗೊತ್ತುಮಾಡಬೇಕು.

6. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಮ್ಮೆ, ಪಾಳಿ ಮುಗಿಯುವ ಹೊತ್ತಿನಲ್ಲಿ, ವಿದ್ಯಾರ್ಥಿವೇತನದ ತೊಡಕು ಬಿಡಿಸುವ ಅಧಿಕಾರಿಯೊಬ್ಬರು ಕೂರಬೇಕು. ಇ-ದೃಢೀಕರಣ, ಬ್ಯಾಂಕ್ ಜೋಡಣೆ ಅಲ್ಲೇ ಆಗಬೇಕು.

7. ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಲ್ಲಿ ರಾತ್ರಿ ಪಾಳಿಯ ಮಕ್ಕಳಿಗೆ ಗೇಟು ತೆರೆಯುವ, ಊಟ ತೆಗೆದಿಡುವ ವ್ಯವಸ್ಥೆ ಕಡ್ಡಾಯವಾಗಬೇಕು.

8. ತಾಲ್ಲೂಕು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲವು ವರ್ಷ ಕೆಲಸ ಮಾಡಲು ಸ್ವಇಚ್ಛೆಯಿಂದ ಒಪ್ಪುವವರಿಗೆ ಪೂರ್ಣ ವೆಚ್ಚ ಭರಿಸುವ ಯೋಜನೆಯನ್ನು ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶುರುಮಾಡಬೇಕು. ಬಾಂಡ್ ಬರೆಸಿಕೊಂಡರೆ ಕೆಲಸವನ್ನೂ ಸರಿಯಾದ ಸಂಬಳವನ್ನೂ ಸರ್ಕಾರ ಖಾತ್ರಿಪಡಿಸಬೇಕು.

ಇವುಗಳಲ್ಲಿ ಅರ್ಧದಷ್ಟು ಬೇಡಿಕೆಗಳಿಗೆ ಹೊಸ ಹಣವೇ ಬೇಕಿಲ್ಲ. ಈಗಿರುವ ಹಣ ಹೊತ್ತಿಗೆ ಸರಿಯಾಗಿ ಹೊರಟರೆ ಸಾಕು. ಉಳಿದವುಗಳಿಗೆ ಬೇಕಾಗುವ ಹಣವನ್ನು ಬಜೆಟ್‌ನಲ್ಲಿ ಖರ್ಚೆಂದು ಬರೆದುಕೊಂಡರೂ, ಅದು ನಾಳೆ ನಮ್ಮೆಲ್ಲರ ಮನೆಯ ರೋಗಿಯ ಆರೈಕೆಗೆ ಇಂದೇ ಕಟ್ಟುವ ಹಣ.

ಮುಂದಿನ ಶೈಕ್ಷಣಿಕ ವರ್ಷದ ನರ್ಸಿಂಗ್ ಸೀಟು ಹಂಚಿಕೆ ಶುರುವಾಗುವ ಮೊದಲು ಈ ಎಂಟು ಬೇಡಿಕೆಗಳಿಗೂ ಒಂದೊಂದಾಗಿ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಯಾವುದು ಆಗುತ್ತದೆ, ಯಾವ ತಿಂಗಳಿಗೆ ಆಗುತ್ತದೆ, ಯಾವುದು ಆಗದು, ಏಕೆ ಆಗದು ಎಂದು ನೇರವಾಗಿ ತಿಳಿಸಿ. ಪ್ರವೇಶಕ್ಕೆಂದು ಮಗಳನ್ನು ಕರೆದುಕೊಂಡು ಬರುವ ತಂದೆತಾಯಿ ನಮ್ಮನ್ನು ಮೊದಲು ಕೇಳುವುದು “ಸರ್ಕಾರದ ರೊಕ್ಕ ಯಾವಾಗ ಬರ್ತೈತ್ರಿ?” ಎಂದು. ಅವರಿಗೆ ನಾವು ಕೊಡುವ ಉತ್ತರ ತಮ್ಮ ಸಹಿಯುಳ್ಳದ್ದಾಗಿರಲಿ, ಅದರಲ್ಲಿ ಒಂದು ದಿನಾಂಕವಿರಲಿ.



ತಮ್ಮ ವಿಶ್ವಾಸಿ,
ನರ್ಸಿಂಗ್ ಉಪನ್ಯಾಸಕಿ,
ಕಲ್ಯಾಣ ಕರ್ನಾಟಕ